ಎಸ್ಟಿಮೇಟ್ ಬರೆಸೋಕೆ 12 ಸಾವಿರ ಕೊಟ್ಟೆ, ಅದರ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಇದು ಕಂಟ್ರಾಕ್ಟರ್ ರಿವ್ಯೂ ಅಲ್ಲ. ಕೆಲಸ ಶುರು ಆಗೋಕೆ ಮುಂಚೆ ಮನೆಗೆ ಬಂದು ಅಳತೆ ತಗೊಂಡು, ಎಷ್ಟಾಗತ್ತೆ ಅಂತ ಐಟಂ ಐಟಂ ಬರೆದು ಕೊಡೋ ಇಂಜಿನಿಯರ್ ಸರ್ವೀಸಿನ ರಿವ್ಯೂ. ಅವ್ರ ಹೆಸರು ಹಾಕಲ್ಲ, ಅವ್ರೇ ಬೇಡ ಅಂದಿದಾರೆ, ಇರೋ ಕೆಲಸವೇ ಮುಗೀತಿಲ್ಲ ಅಂತೆ. ಆದ್ರೆ ಇಂಥ ಕೆಲಸ ಮಾಡೋರು ಎಲ್ಲಾ ಊರಲ್ಲೂ ಇದಾರೆ, ನಾವೇ ಯಾರೂ ದುಡ್ಡು ಕೊಟ್ಟು ಕೇಳಲ್ಲ ಅಷ್ಟೇ.

ನಮ್ದು ಮೈಸೂರು ಕುವೆಂಪುನಗರ, 30-40 ಸೈಟು. ಮಾವ 1999ರಲ್ಲಿ ಗ್ರೌಂಡ್ ಫ್ಲೋರ್ ಮಾತ್ರ ಕಟ್ಟಿಸಿ, ಮೇಲಿಂದು ಮಗ ಕಟ್ಕೋತಾನೆ ಅಂತ ತಾರಸಿ ಮೇಲೆ ಪಿಲ್ಲರ್ ಕಂಬಿ ಬಿಟ್ಟು ಹೋಗಿದ್ರು. ಆ ಮಗ 26 ವರ್ಷ ಕಟ್ಲಿಲ್ಲ. ಈಗ ನನ್ನ ಮಗ ಪಿಯುಸಿಗೆ ಬಂದ, ಅವನಿಗೊಂದು ರೂಮು ಬೇಕು, ಹೇಗಿದ್ರೂ ಕೈ ಹಾಕ್ತಿದೀವಿ ಅಂದ್ಮೇಲೆ ಹಾಲು, ರೂಮು, ಬಾತ್‌ರೂಮು, ಪುಟ್ಟ ಅಡುಗೆಮನೆ ಅಂತ ಪೂರ್ತಿ ಒಂದು ಮನೆನೇ ಮಾಡ್ಬಿಡೋಣ, ನಾಳೆ ಬಾಡಿಗೆಗಾದ್ರೂ ಆಗತ್ತೆ ಅಂತ ಹೋದ ವರ್ಷ ಜುಲೈನಲ್ಲಿ ತೀರ್ಮಾನ ಆಯ್ತು. 620 ಸ್ಕ್ವೇರ್ ಫೀಟ್, ಬಾಲ್ಕನಿ ಬೇರೆ.

ಒಂದೇ ವಾರದಲ್ಲಿ ಮೂರು ರೇಟ್ ಬಂತು ನೋಡಿ. ಮೊದಲ್ನೇದು ಆನ್‌ಲೈನ್ ಕ್ಯಾಲ್ಕುಲೇಟರ್. ಊರು ಯಾವ್ದು, ಎಷ್ಟು ಸ್ಕ್ವೇರ್ ಫೀಟ್, ಸಾಧಾರಣವೋ ಪ್ರೀಮಿಯಮ್ಮೋ, ಮೂರೇ ಪ್ರಶ್ನೆ. ಒತ್ತಿದ ತಕ್ಷಣ 10 ಲಕ್ಷ 54 ಸಾವಿರ ಅಂತು. ಹಳೇ ಮನೆ ಮೇಲೆ ಕಟ್ತಿದೀರಾ, ಖಾಲಿ ಸೈಟಲ್ಲಿ ಕಟ್ತಿದೀರಾ ಅಂತಾನೂ ಕೇಳ್ಲಿಲ್ಲ. ಆಮೇಲೆ ಹದಿನೈದು ದಿನ ಯಾರ್ಯಾರೋ ಫೋನ್ ಮಾಡಿ ಮೇಡಂ ಮನೆ ಕಟ್ತಿದೀರಂತೆ ಅಂತ ಪ್ರಾಣ ತಿಂದ್ರು, ಅದು ಬೇರೆ ಕಥೆ.

ಎರಡನೇದು ನಮ್ಮ ಏರಿಯಾದ ಮೇಸ್ತ್ರಿ. ಒಳ್ಳೆ ಕೆಲಸಗಾರ, ಹಿಂದಿನ ರೋಡಲ್ಲಿ ನಾಲ್ಕು ಮನೆ ಮಾಡಿದಾರೆ. ಬಂದ್ರು, ತಾರಸಿ ಹತ್ತಿ ಈ ಕಡೆಯಿಂದ ಆ ಕಡೆಗೆ ಹೆಜ್ಜೆ ಹಾಕಿ ನಡೆದ್ರು, ಕಾಫಿ ಕುಡಿದ್ರು, ‘ಚದರಕ್ಕೆ 1 ಲಕ್ಷ 85 ಸಾವಿರ, ಮೆಟೀರಿಯಲ್ ಸಮೇತ’ ಅಂದ್ರು. ಚದರ ಅಂದ್ರೆ 100 ಸ್ಕ್ವೇರ್ ಫೀಟ್, ಹಾಗಾಗಿ ಅಡಿಗೆ 1850, 620 ಅಡಿಗೆ 11 ಲಕ್ಷ 47 ಸಾವಿರ. ಇದೆಲ್ಲ ಹೇಳಿದ್ದು ನನಗಲ್ಲ, ಪಕ್ಕದಲ್ಲಿ ಮೊಬೈಲ್ ನೋಡ್ತಾ ನಿಂತಿದ್ದ ನಮ್ಮನೆಯವ್ರಿಗೆ. ದುಡ್ಡು ಯಾರ ಅಕೌಂಟಿಂದ ಹೋಗತ್ತೆ ಅಂತ ಅವ್ರಿಗೆ ಆಮೇಲೆ ಗೊತ್ತಾಯ್ತು.

ಮೂರನೇದು ಪ್ಯಾಕೇಜ್ ಕೊಡೋ ಕಂಪನಿ. ಟೀ ಶರ್ಟ್ ಹಾಕ್ಕೊಂಡ ಹುಡುಗ ಟ್ಯಾಬ್ಲೆಟ್ ಹಿಡ್ಕೊಂಡು ಬಂದ, ಬಣ್ಣ ಬಣ್ಣದ ತ್ರೀಡಿ ತೋರಿಸ್ದ, ನಮ್ಮ ತಾರಸಿ ಮೇಲೆ ಬರದೇ ಇರೋ ಹುಲ್ಲು, ಛತ್ರಿ, ಉಯ್ಯಾಲೆ ಎಲ್ಲಾ ಇತ್ತು. ಅಡಿಗೆ 2250. ಅಂದ್ರೆ 13 ಲಕ್ಷ 95 ಸಾವಿರ. ಕೊನೇ ಪೇಜಿನ ಕೆಳಗೆ ಇರುವೆ ಸಾಲಿನ ಥರ ಸಣ್ಣ ಅಕ್ಷರದಲ್ಲಿ ಜಿಎಸ್‌ಟಿ ಪ್ರತ್ಯೇಕ ಅಂತಿತ್ತು, 18 ಪರ್ಸೆಂಟ್ ಸೇರಿಸಿದ್ರೆ 16 ಲಕ್ಷ 46 ಸಾವಿರ ದಾಟ್ತು.

ಹತ್ತೂವರೆಯಿಂದ ಹದಿನಾರೂವರೆ. ಒಂದೇ ತಾರಸಿ, ಅದೇ ಮನೆ. ಸ್ಟಾಫ್ ರೂಮಲ್ಲಿ ಹೇಳ್ಕೊಂಡು ಅಳೋದೊಂದು ಬಾಕಿ, ಆಗ ನಮ್ಮ ಮ್ಯಾಥ್ಸ್ ಮೇಡಂ ಈ ಇಂಜಿನಿಯರ್ ನಂಬರ್ ಕೊಟ್ರು. ಸರ್ಕಾರಿ ಕೆಲಸದಲ್ಲಿ ಇದ್ದು ರಿಟೈರ್ ಆದೋರು, ಜೀವಮಾನ ಪೂರ್ತಿ ಎಸ್ಟಿಮೇಟ್ ಬರೆದೋರು. ಫೀಸು 12 ಸಾವಿರ, ಅದ್ರಲ್ಲಿ ಒಂದ್ಸಲ ಮನೆಗೆ ಬರೋದು, ಅಳತೆ, ಪೂರ್ತಿ ಎಸ್ಟಿಮೇಟು, ನಾವು ಏನಾದ್ರೂ ಬದಲಾಯಿಸಿದ್ರೆ ಒಂದ್ಸಲ ತಿದ್ದಿ ಕೊಡೋದು. ಸ್ಟ್ರಕ್ಚರಲ್ ಡ್ರಾಯಿಂಗ್ ಬೇಕಂದ್ರೆ ಬೇರೆ ಫೀಸು. ನಮ್ಮನೆಯವ್ರು, ‘ಲೆಕ್ಕ ಹೇಳೋಕೂ 12 ಸಾವಿರನಾ, ಮೇಸ್ತ್ರಿ ಕಾಫಿ ಕುಡಿದು ಹೇಳಿ ಹೋದ್ರಲ್ಲ’ ಅಂದ್ರು. ಅತ್ತೆ ಏನೂ ಹೇಳ್ಲಿಲ್ಲ, ಅಂದ್ರೆ ಅವ್ರಿಗೂ ಇಷ್ಟ ಇಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೇ ಸ್ಕೂಟರಲ್ಲಿ ಬಂದ್ರು. ಹೆಗಲಿಗೆ ಬಟ್ಟೆ ಚೀಲ, ಅದ್ರಲ್ಲಿ ಟೇಪು, ಒಂದು ಸಣ್ಣ ಸುತ್ತಿಗೆ, ವೈರ್ ಬ್ರಷ್ಷು, ವರ್ನಿಯರ್ ಕ್ಯಾಲಿಪರ್. ಕಾಫಿ ಆಮೇಲೆ ಅಂದು ನೇರ ತಾರಸಿಗೆ. ಅಲ್ಲಿ ಮಾವ ಬಿಟ್ಟಿದ್ದ ಪಿಲ್ಲರ್ ಕಂಬಿಗಳಿಗೆ ಅತ್ತೆ ಇಷ್ಟು ವರ್ಷದಿಂದ ಬಟ್ಟೆ ಒಣಗ್ಸೋ ಹಗ್ಗ ಕಟ್ಟಿದಾರೆ, ಯಾರಿಗೂ ಚುಚ್ಚದೇ ಇರ್ಲಿ ಅಂತ ತುದಿಗೆ ಹಳೇ ನೀರಿನ ಬಾಟ್ಲಿ ಸಿಗಿಸಿದಾರೆ. ಸರ್ ಒಂದೊಂದೇ ಬಾಟ್ಲಿ ತೆಗೆದು, ಕಂಬಿ ಬುಡನ ವೈರ್ ಬ್ರಷ್ಷಲ್ಲಿ ಉಜ್ಜಿದ್ರು, ತುಕ್ಕು ಹಪ್ಪಳದ ಥರ ಪದರ ಪದರ ಎದ್ದು ಬಂತು. ಕ್ಯಾಲಿಪರ್ ಹಿಡಿದು, ‘ನೋಡಮ್ಮ, ಇದು 12 ಎಂಎಂ ಕಂಬಿ ಹಾಕಿದ್ದು. ಈಗ ಎಷ್ಟಿದೆ ಓದು’ ಅಂದ್ರು. 10.2. ಎರಡು ಎಂಎಂ ತಾನೇ ಸರ್ ಅಂದೆ. ಪ್ಯಾರಾಪೆಟ್ ಮೇಲೇ ಪೆನ್ಸಿಲಲ್ಲಿ ಲೆಕ್ಕ ಮಾಡಿ ತೋರಿಸಿದ್ರು, ದಪ್ಪದಲ್ಲಿ ಎರಡು ಎಂಎಂ ಕಮ್ಮಿ ಅನ್ಸಿದ್ರೂ ಕಂಬಿಯ ಅಡ್ಡ ಕೊಯ್ದ ಮುಖದಲ್ಲಿ 28 ಪರ್ಸೆಂಟ್ ಹೋಗಿದೆ, ಭಾರ ಹೊರೋದು ಆ ಮುಖ. ಒಂಬತ್ತು ಪಿಲ್ಲರಲ್ಲಿ ಆರು ಪರ್ವಾಗಿಲ್ಲ, ಮೂರಕ್ಕೆ ತಲೆ ಒಡೆದು, ಒಳಗೆ ಕಂಬಿ ಚೆನ್ನಾಗಿರೋ ತನಕ ಹೋಗಿ, ತೂತು ಕೊರೆದು ಕೆಮಿಕಲ್ ಹಾಕಿ ಹೊಸ ಕಂಬಿ ಕೂರಿಸ್ಬೇಕು. ಇದಕ್ಕೇ 38 ಸಾವಿರ ಅಂತ ಬರ್ಕೊಂಡ್ರು.

ಆ 38 ಸಾವಿರ ಮೇಲಿನ ಮೂರು ರೇಟಲ್ಲಿ ಯಾವುದರಲ್ಲೂ ಇರ್ಲಿಲ್ಲ. ಇದ್ದಿದ್ರೆ ಎಲ್ಲಿಂದ ಬರ್ಬೇಕು, ಯಾರೂ ಬಾಟ್ಲಿನೇ ತೆಗೆದು ನೋಡಿರ್ಲಿಲ್ಲ.

ಬಾತ್‌ರೂಮಿನ ಕಥೆ ಇನ್ನೂ ಚೆನ್ನಾಗಿದೆ. ಮೇಸ್ತ್ರಿ ಹಾಕಿದ್ದ ಸ್ಕೆಚ್ಚಲ್ಲಿ ಅಟ್ಯಾಚ್ಡ್ ಬಾತ್‌ರೂಮು ಪೂರ್ವದ ಮೂಲೆಗೆ ಬಂದಿತ್ತು. ಕೆಳಗೆ ಸರಿಯಾಗಿ ದೇವರ ಮನೆ! ಅತ್ತೆ ಅವತ್ತೇ ಊಟ ಬಿಟ್ಟಿದ್ರು. ನಾನು ಇದು ಬರೀ ಸಂಪ್ರದಾಯದ ಗಲಾಟೆ ಅಂದ್ಕೊಂಡು ಸರ್ ಹತ್ರ ಹೇಳೋಕೂ ಮುಜುಗರ ಪಟ್ಕೊಂಡು ಹೇಳ್ದೆ. ಅವ್ರು ನಗ್ಲಿಲ್ಲ. ‘ನಿಮ್ಮತ್ತೆ ಹೇಳ್ತಿರೋದು ದುಡ್ಡಿನ ಲೆಕ್ಕದಲ್ಲೂ ಸರಿ ಕಣಮ್ಮ’ ಅಂದ್ರು. ಹೊಸ ಮನೆ ಆದ್ರೆ ಮೋಲ್ಡ್ (ಕಾಂಕ್ರೀಟ್ ಸ್ಲ್ಯಾಬ್) ಹಾಕೋವಾಗ ಬಾತ್‌ರೂಮಿನ ಜಾಗ ತಗ್ಗು ಬಿಟ್ಟು ಅದ್ರಲ್ಲಿ ಪೈಪು ಓಡಿಸ್ತಾರೆ. ಹಳೇ ಮನೆ ತಾರಸಿ ಸಪಾಟು, ತಗ್ಗು ಎಲ್ಲಿಂದ ತರ್ತೀರಾ. ಒಂದೋ ಕೆಳಗಿನ ಮನೆ ಸೀಲಿಂಗಿಗೆ ತೂತು ಮಾಡಿ ಪೈಪು ನೇತು ಹಾಕ್ಬೇಕು, ಅಂದ್ರೆ ದೇವರ ತಲೆ ಮೇಲೆ ಕಮೋಡಿನ ಪೈಪು, ಇಲ್ಲಾ ಬಾತ್‌ರೂಮಿನ ನೆಲ ಏಳೆಂಟು ಇಂಚು ಎತ್ತರಿಸಿ ಒಳಗೆ ಪೈಪು ಹೂಳ್ಬೇಕು. ಎತ್ತರಿಸೋದೇ ಆದ್ರೆ ಪೈಪಿನ ದಾರಿ ಚಿಕ್ಕದಾಗಿರ್ಬೇಕು, ಇಳಿಜಾರು ಸಿಗ್ಬೇಕಲ್ಲ. ಕೆಳಗಿನ ಬಾತ್‌ರೂಮಿನ ಮೇಲೇ ಇದನ್ನ ತಂದ್ರೆ ಪೈಪು ಗೋಡೆ ಆಚೆ ನೇರ ಇಳಿದು ಇರೋ ಛೇಂಬರಿಗೇ ಸೇರತ್ತೆ. ಹಾಗೇ ಮಾಡಿದ್ರು, ಸುಮಾರು 20 ಸಾವಿರ ಉಳೀತು. ಬಾತ್‌ರೂಮಿಗೆ ಒಂದು ಮೆಟ್ಲು ಹತ್ತಿ ಹೋಗ್ಬೇಕು ಅಷ್ಟೇ. ಅತ್ತೆ ಅವತ್ತಿಂದ ಆ ಇಂಜಿನಿಯರ್‌ಗೆ ಫ್ಯಾನು.

ಏಳು ದಿನದಲ್ಲಿ ಕೊಡ್ತೀನಿ ಅಂದ ಎಸ್ಟಿಮೇಟು ಬಂದಿದ್ದು ಹದಿನಾರನೇ ದಿನ. ಫೋನ್ ತೆಗೆಯಲ್ಲ, ಮೆಸೇಜ್ ನೋಡಲ್ಲ, ಸಂಜೆ ಆರರ ಮೇಲೆ ಮನೆಗೇ ಹೋಗಿ ಕೇಳ್ಬೇಕು. ಬಂದಿದ್ದು ಎಂಟು ಹಾಳೆ, 47 ಐಟಂ, ಎಲ್ಲಾ ಇಂಗ್ಲಿಷಲ್ಲಿ, ಅದೂ ಇಲಾಖೆ ಇಂಗ್ಲಿಷು, ಒಂದು ಸೆಂಟೆನ್ಸು ಶುರುವಾದ್ರೆ ಆರು ಸಾಲಾದ್ರೂ ಮುಗಿಯಲ್ಲ. ಅರ್ಥ ಆಗಲ್ಲ ಸರ್ ಅಂತ ಕೂತ್ಕೊಂಡೆ, ಬೈಕೊಂಡೇ ಒಂದೂವರೆ ಗಂಟೆ ಹೇಳ್ಕೊಟ್ರು. ನನ್ನ ಪ್ರಕಾರ ಆ 12 ಸಾವಿರಕ್ಕೆ ಸಿಕ್ಕಿದ ನಿಜವಾದ ಮಾಲು ಆ ಒಂದೂವರೆ ಗಂಟೆ.

ಮೊದಲ ಐಟಮ್ಮೇ ಒಡೆಯೋದು. ಪ್ಯಾರಾಪೆಟ್ ಒಡೀಬೇಕು, ತಾರಸಿ ಮೇಲಿನ ಹಳೇ ಸುರ್ಕಿ (ಇಟ್ಟಿಗೆ ಪುಡಿ, ಸುಣ್ಣದ) ಗಾರೆ ನಾಲ್ಕಿಂಚು ಕೆತ್ತಿ ತೆಗೀಬೇಕು, ಇಲ್ಲಾಂದ್ರೆ ಅದರ ಮೇಲೇ ಟೈಲ್ಸ್ ಹಾಕಿ ಸುಮ್ನೆ ಭಾರ ಹೊರಿಸ್ದಂಗೆ. 620 ಅಡಿ ಜಾಗದಲ್ಲಿ ನಾಲ್ಕಿಂಚು ಅಂದ್ರೆ ಇನ್ನೂರು ಸಿಎಫ್‌ಟಿ (ಕ್ಯೂಬಿಕ್ ಫೀಟ್) ಮೇಲೆ, ಪ್ಯಾರಾಪೆಟ್ ಸೇರಿ ಮೂರು ಟ್ರ್ಯಾಕ್ಟರ್ ಲೋಡು ಮಣ್ಣು ಇಳಿಸಿ ಸಾಗಿಸ್ಬೇಕು. 41 ಸಾವಿರ. ಮೇಸ್ತ್ರಿ ಚದರದ ರೇಟಲ್ಲಿ ಇದು ಎಲ್ಲಿದೆ ಅಂದ್ರೆ ಎಲ್ಲೂ ಇಲ್ಲ. ಆಮೇಲೆ ಸೋಲಾರು, ಸಿಂಟೆಕ್ಸ್ ಟ್ಯಾಂಕು. ಅವು ಈಗಿರೋ ತಾರಸಿಯಿಂದ ಹೊಸ ತಾರಸಿಗೆ ಹೋಗ್ಬೇಕು, ಸಾವಿರ ಲೀಟರ್ ಟ್ಯಾಂಕು ತುಂಬಿದ್ರೆ ಒಂದು ಟನ್ ಭಾರ, ಅದನ್ನ ಮೋಲ್ಡಿನ ಮಧ್ಯೆ ಇಡೋ ಹಾಗಿಲ್ಲ, ಬೀಮ್ ಮೇಲೆ ಇಡ್ಬೇಕು, ಅದಕ್ಕೊಂದು ಕಟ್ಟೆ, ಹೊಸ ಪೈಪು. ಸರಿ, ಆ ಹೊಸ ತಾರಸಿಗೆ ನೀವು ಹತ್ತೋದು ಹೇಗೆ ಅಂತ ಕೇಳಿದ್ರು. ನಾನು ನಮ್ಮನೆಯವ್ರು ಮುಖ ಮುಖ ನೋಡ್ಕೊಂಡ್ವಿ. ಮೆಟ್ಲು! ಆಚೆ ಕಡೆ ಇರೋ ಮೆಟ್ಲು ಈಗಿನ ತಾರಸಿ ತನಕ ಮಾತ್ರ. ಇನ್ನೂ 18 ಮೆಟ್ಲು, ಮೇಲೆ ಮೆಟ್ಲಿಗೆ ಸೂರಾಗೋ ಒಂದು ಹೆಡ್‌ರೂಮು ಬೇಕು. ಇಬ್ರು ಬಂದು ನೋಡಿ ಹೋದ್ರಲ್ಲ, ಒಬ್ರಿಗೂ ಹೊಳೀಲಿಲ್ಲ, ನಮಗೂ ಹೊಳೀಲಿಲ್ಲ.

ಮೋಲ್ಡಿನ ಲೆಕ್ಕ ನಂಗೆ ಬಾಯಿಪಾಠ ಆಗಿದೆ ಈಗ. ಮನೆ 620, ಬಾಲ್ಕನಿ 48, ಒಟ್ಟು 668 ಅಡಿ. ದಪ್ಪ 5 ಇಂಚು. ಗುಣಿಸಿದ್ರೆ 278 ಸಿಎಫ್‌ಟಿ, ಕ್ಯೂಬಿಕ್ ಮೀಟರಿಗೆ ತಿರುಗಿಸಿದ್ರೆ ಏಳು ಮುಕ್ಕಾಲು ಚಿಲ್ರೆ. ಸಿಮೆಂಟ್ ಒಂದಕ್ಕೆ ಮರಳು ಒಂದೂವರೆ, ಜಲ್ಲಿ ಮೂರು ಮಿಕ್ಸಲ್ಲಿ ಒಂದು ಕ್ಯೂಬಿಕ್ ಮೀಟರಿಗೆ ಎಂಟು ಚೀಲ ಸಿಮೆಂಟ್ ಹಿಡೀತಾರೆ. ಅಂದ್ರೆ ಬರೀ ಮೋಲ್ಡಿಗೆ 63 ಚೀಲ. ಇದು ಗೊತ್ತಿದ್ರೆ ಅವತ್ತು ಯಾರಾದ್ರೂ ತೊಂಬತ್ತು ಚೀಲ ಬೇಕು ಅಂದ್ರೆ ಬೀಮಿಗಾ ಸರ್, ಬೀಮಿಗೆ ಎಷ್ಟು ಅಂತ ಕೇಳಬಹುದು, ನಲವತ್ತೈದಕ್ಕೇ ಮುಗಿಸ್ತೀನಿ ಅಂದ್ರೆ ಇನ್ನೂ ಜಾಸ್ತಿ ಹೆದರಬಹುದು.

ಒಂದು ವಿಷ್ಯ ನನ್ನ ಕಣ್ಣು ತೆರೆಸ್ತು, ಅದು ಏರಿಯಾ. ಅಡಿಗೆ ಇಷ್ಟು ಅಂತಾರಲ್ಲ, ಯಾವ ಅಡಿ? ಮೇಸ್ತ್ರಿ 620 ಅಂತ ರೇಟ್ ಹೇಳಿದ್ರು, ಬಿಲ್ ಮಾಡೋವಾಗ ಬಾಲ್ಕನಿ 48, ಹೆಡ್‌ರೂಮು 60 ಸೇರತ್ತೆ, ಅದು ಈ ಲೈನಲ್ಲಿ ಎಲ್ಲರೂ ಮಾಡೋದೇ. 728 ಅಡಿ ಆಯ್ತು. ಅದೇ 1850 ರೇಟಿಗೆ 13 ಲಕ್ಷ 46 ಸಾವಿರ. ರೇಟಲ್ಲಿ ಒಂದು ಪೈಸೆ ಜಾಸ್ತಿ ಮಾಡ್ದೇ ಎರಡು ಲಕ್ಷ ಏರ್ತು. ಸರ್ ಹಾಕಿದ ಟೋಟಲ್ಲು 14,15,000, ಮೇಲೆ ಆಕಸ್ಮಿಕಕ್ಕೆ 5 ಪರ್ಸೆಂಟು ಸೇರಿ 14,85,750. ಇದನ್ನ 728ಕ್ಕೆ ಭಾಗಿಸಿ, ಅಡಿಗೆ 2040. 620ಕ್ಕೆ ಭಾಗಿಸಿ, ಸುಮಾರು 2400. ಎರಡೂ ನಿಜ, ಎರಡೂ ಒಂದೇ ಮನೆ. ಇನ್ಮೇಲೆ ಯಾರಾದ್ರೂ ನಮ್ದು ಅಡಿಗೆ ಇಷ್ಟಾಯ್ತು ಅಂದ್ರೆ ನಾನು ಸುಮ್ನೆ ತಲೆ ಆಡಿಸ್ತೀನಿ.

ಫೌಂಡೇಶನ್ ಇಲ್ವಲ್ಲ, ಮೇಲಿನ ಮನೆ ಅಗ್ಗ ಆಗ್ಬೇಕಲ್ವಾ ಅಂತ ಎಲ್ರೂ ಕೇಳ್ತಾರೆ, ನಾನೂ ಕೇಳ್ದೆ. ಫೌಂಡೇಶನ್ ಉಳಿಯತ್ತೆ ನಿಜ. ಆದ್ರೆ ಬಾತ್‌ರೂಮು, ಅಡುಗೆಮನೆ ಇವು 1200 ಅಡಿ ಮನೆಗೂ ಅಷ್ಟೇ ಖರ್ಚು, 620 ಅಡಿಗೂ ಅಷ್ಟೇ ಖರ್ಚು, ಚಿಕ್ಕ ಮನೇಲಿ ಅಡಿ ಲೆಕ್ಕಕ್ಕೆ ಅದೇ ಭಾರ. ಜೊತೆಗೆ ಪ್ರತಿ ಬ್ಲಾಕು, ಪ್ರತಿ ಬಾಂಡ್ಲಿ ಮರಳು ಮೇಲೆ ಹೊರೋ ಕೂಲಿ. ಅದಕ್ಕೇ ಅವ್ರು ಲಿಫ್ಟ್ ಅಂತ ಬೇರೆ ಐಟಂ ಹಾಕಿದ್ರು, ನಾನು ಮನೆಗೆ ಲಿಫ್ಟ್ ಯಾಕೆ ಸರ್ ಅಂತ ಕೇಳಿ ಮಾನ ಕಳ್ಕೊಂಡೆ.

ಈಗ ನಂಗೆ ತುಂಬಾ ಇಷ್ಟ ಆದ ಭಾಗ. ಅವ್ರು ಎರಡು ಪ್ರಿಂಟ್ ಕೊಡ್ತಾರೆ. ಒಂದ್ರಲ್ಲಿ ರೇಟ್ ಇರತ್ತೆ, ಇನ್ನೊಂದ್ರಲ್ಲಿ ಐಟಮ್ಮು, ಅಳತೆ ಮಾತ್ರ, ರೇಟಿನ ಕಾಲಂ ಖಾಲಿ. ‘ರೇಟ್ ಇರೋದು ಬೀರುವಲ್ಲಿ ಇಡು, ಯಾರಿಗೂ ತೋರಿಸ್ಬೇಡ. ಖಾಲಿ ಇರೋದು ಮೇಸ್ತ್ರಿ ಕೈಗೆ ಕೊಡು, ಅವ್ರೇ ತುಂಬ್ಲಿ.’ ಹಾಗೇ ಮಾಡ್ದೆ. ಮೇಸ್ತ್ರಿ ಮೊದ್ಲು ಮುಖ ಸಪ್ಪಗೆ ಮಾಡ್ಕೊಂಡ್ರು, ಇಷ್ಟೆಲ್ಲಾ ಯಾಕೆ ಮೇಡಂ, ನಂಬಿಕೆ ಇಲ್ವಾ ಅಂದ್ರು. ಮೂರು ದಿನ ಬಿಟ್ಟು ತುಂಬಿ ತಂದ್ರು, ಅವ್ರ ಮಗಳು ಡಿಪ್ಲೊಮಾ ಓದ್ತಿದಾಳಂತೆ, ಅವಳೇ ಬರೆದಿದ್ದು, ಅಕ್ಷರ ಮುತ್ತಿನ ಹಾಗಿತ್ತು. ಟೋಟಲ್ 14 ಲಕ್ಷ 62 ಸಾವಿರ! ಹನ್ನೊಂದೂವರೆಗೆ ಮಾಡಿ ಕೊಡ್ತೀನಿ ಅಂದಿದ್ದ ಅದೇ ಮನುಷ್ಯ, ಅದೇ ಪೆನ್ನು. ಅವ್ರೇ ತಲೆ ಕೆರ್ಕೊಂಡು, ‘ನಂಗೇ ಗೊತ್ತಿರ್ಲಿಲ್ಲ ಮೇಡಂ ಇಷ್ಟಾಗತ್ತೆ ಅಂತ. ಹಂಗೇ ಒಪ್ಕೊಂಡಿದ್ರೆ ಮಧ್ಯದಲ್ಲಿ ನಿಮ್ಮತ್ರ ಜಗಳ ಆಡ್ಬೇಕಿತ್ತು, ಇಲ್ಲಾ ನಾನು ಮುಳುಗ್ಬೇಕಿತ್ತು’ ಅಂದ್ರು. ನಾನು ಅಲ್ಲೀ ತನಕ ಮೇಸ್ತ್ರಿಗಳು ಬೇಕಂತಲೇ ಕಮ್ಮಿ ಹೇಳಿ ಆಮೇಲೆ ಏರಿಸ್ತಾರೆ ಅಂತಲೇ ನಂಬಿದ್ದೆ. ಅಂಥೋರೂ ಇರಬಹುದು, ಆದ್ರೆ ಇವ್ರು ಕಮ್ಮಿ ಹೇಳಿದ್ದು ಲೆಕ್ಕ ಹಾಕ್ದೇ ಇದ್ದಿದ್ದಕ್ಕೆ, ಹೊಸ ಮನೆ ರೇಟನ್ನ ತಂದು ಹಳೇ ಮನೆ ತಲೆ ಮೇಲೆ ಇಟ್ಟಿದ್ದಕ್ಕೆ.

ಆ ತುಂಬಿದ ಶೀಟ್ ನೋಡಿ ಸರ್ ಒಂದೇ ಕಡೆ ಬೆರಳಿಟ್ರು. ಬಾತ್‌ರೂಮ್ ವಾಟರ್‌ಪ್ರೂಫಿಂಗ್ 4 ಸಾವಿರ ಅಂತ ಇತ್ತು. ಸರ್ ಹಾಕಿದ್ದು 17 ಸಾವಿರ. ನಾನು ಖುಷಿಯಾಗಿ ಉಳೀತಲ್ಲ ಸರ್ ಅಂದೆ. ‘ಜಾಸ್ತಿ ಹಾಕಿರೋ ಕಡೆ ಚೌಕಾಸಿ ಮಾಡಮ್ಮ. ಇಷ್ಟು ಕಮ್ಮಿ ಹಾಕಿರೋ ಕಡೆ ಅವ್ರು ಏನು ಮಾಡ್ತಾರೆ ಅಂತ ಕೇಳು’ ಅಂದ್ರು. ಕೇಳಿದ್ರೆ ಒಂದು ಕೈ ಸಿಮೆಂಟ್ ಹಾಲು, ಅದಕ್ಕೆ ಒಂದು ಡಬ್ಬ ಲಿಕ್ವಿಡ್ಡು, ಮುಗೀತು. ಹಳೇ ಮೋಲ್ಡಿನ ಮೇಲೆ ಎತ್ತರಿಸಿದ ಬಾತ್‌ರೂಮು ಸೋರಿದ್ರೆ ಕೆಳಗಡೆ ನಾವೇ ಮಲಗೋದು. ಅಲ್ಲಿ 17 ಸಾವಿರ ಕೊಟ್ಟೇ ಮಾಡಿಸಿದ್ವಿ, ಎರಡು ದಿನ ನೀರು ನಿಲ್ಲಿಸಿ ಟೆಸ್ಟೂ ಮಾಡಿದ್ವಿ.

ಬ್ಯಾಂಕಲ್ಲೂ ಉಪಯೋಗ ಆಯ್ತು. ಟಾಪ್‌ಅಪ್ ಲೋನಿಗೆ ಮೇಸ್ತ್ರಿ ಲೆಟರ್‌ಹೆಡ್ಡಲ್ಲಿ ಬರೆದ ಒಂದು ಸಾಲು ನಡೀಲಿಲ್ಲ, ಸೀಲು ಸೈನು ಇರೋ ಇಂಜಿನಿಯರ್ ಎಸ್ಟಿಮೇಟೇ ಕೇಳಿದ್ರು. ಆಡಿಟರ್ ಒಂದು ಮಾತು ಹೇಳಿದ್ರು, ಹಳೇ ಟ್ಯಾಕ್ಸ್ ರೆಜೀಮಲ್ಲಿ ಇದ್ರೆ ವಾಸದ ಮನೆ ಕಟ್ಟೋ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದ ತನಕ, ಬರೀ ರಿಪೇರಿ ರಿನೋವೇಶನ್ ಸಾಲಕ್ಕೆ 30 ಸಾವಿರದ ತನಕ ಮಾತ್ರ, ಹಾಗಾಗಿ ಎಸ್ಟಿಮೇಟ್ ತಲೆಬರಹ ಏನಿದೆ ನೋಡ್ಕೊಳಿ ಅಂತ. ಇನ್ನೊಂದು ಲೇಬರ್ ಸೆಸ್ಸು, ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಅಂತ ಸರ್ಕಾರಕ್ಕೆ ಕಟ್ಟೋದು. ನಾವು ಶುರು ಮಾಡಿದಾಗ, 2025ರಲ್ಲಿ, ಸ್ವಂತ ವಾಸದ ಮನೆ 10 ಲಕ್ಷ ದಾಟಿದ್ರೆ ಖರ್ಚಿನ ಮೇಲೆ 1 ಪರ್ಸೆಂಟು ಕಟ್ಬೇಕಿತ್ತು, ನಮಗೆ ಸುಮಾರು 15 ಸಾವಿರ. ಲೈಸೆನ್ಸ್ ಫೀಸಿನ ಜೊತೆ ಇದನ್ನೂ ಸರ್ ಬೇರೆ ಹಾಳೇಲಿ ಬರೆದಿದ್ರು, ಆ 14.86 ಲಕ್ಷದ ಒಳಗೆ ಇಲ್ಲ, ಗಮನಿಸಿ. ಬೇರೆ ಯಾರೂ ಅದರ ಹೆಸರೇ ಎತ್ತಿರ್ಲಿಲ್ಲ.

ಐಟಂ ಲೆಕ್ಕದ ಇನ್ನೊಂದು ಲಾಭ ಸೆಪ್ಟೆಂಬರಲ್ಲಿ ಗೊತ್ತಾಯ್ತು. 2025 ಸೆಪ್ಟೆಂಬರ್ 22ಕ್ಕೆ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳೀತಲ್ಲ. ನಮ್ಮ ಅಂಗಡೀಲಿ ಚೀಲಕ್ಕೆ 25 ರೂಪಾಯಿ ಕಮ್ಮಿ ಮಾಡಿದ್ರು. ಎಸ್ಟಿಮೇಟಲ್ಲಿ ಒಟ್ಟು 305 ಚೀಲ ಅಂತ ಇರೋದ್ರಿಂದ 7,625 ರೂಪಾಯಿ ಅಂತ ನಿಂತ ನಿಂತಲ್ಲೇ ಹೇಳ್ದೆ, ಮೇಸ್ತ್ರಿ ಒಪ್ಕೊಂಡ್ರು. ಚದರದ ರೇಟಿಗೆ ಕೊಟ್ಟಿದ್ರೆ ಇದನ್ನ ಯಾವ ಬಾಯಲ್ಲಿ ಕೇಳೋದು.

ಕೆಲಸ ಶುರುವಾಗಿದ್ದು ಅಕ್ಟೋಬರ್ ಮೊದಲ ವಾರ, ಅಲ್ಲೊಂದು ಎಡವಟ್ಟು, ಪೂರ್ತಿ ನಮ್ದೇ. ಎಸ್ಟಿಮೇಟಿನ ಕೊನೇಲಿ ಸರ್ ಕೈಯಲ್ಲಿ ಬರೆದಿದ್ರು, ಸುರ್ಕಿ ಕೆತ್ತೋದು ಮಳೆ ನಿಂತ ಮೇಲೆ ಅಂತ. ದಸರಾ ಮುಗೀತಲ್ಲ, ಇನ್ನೇನು ಮಳೆ ಅಂತ ನಾವು ಕೆತ್ತಿಸಿಬಿಟ್ವಿ. ಮೂರನೇ ರಾತ್ರಿ ಸುರೀತು ನೋಡಿ. ಬೋಳು ಮೋಲ್ಡಿಂದ ನೀರು ಇಳಿದು ಸರಿಯಾಗಿ ಅತ್ತೆ ಮಂಚದ ಮೇಲೆ ತೊಟ್ಟಿಕ್ತು. ರಾತ್ರಿ ಒಂದು ಗಂಟೇಲಿ ನಾನು, ಮಗ, ನಮ್ಮನೆಯವ್ರು ಮಂಚ ಎಳ್ದಿದ್ದು, ಬಕೆಟ್ ಇಟ್ಟಿದ್ದು, ಅತ್ತೆ ಹಾಲಲ್ಲಿ ಕೂತ್ಕೊಂಡು ನಿಮ್ಮಾವ ಇದ್ದಿದ್ರೆ ಅಂತ ಶುರು ಮಾಡಿದ್ದು. ಬೆಳಿಗ್ಗೆ ಟಾರ್ಪಾಲಿಗೆ 3,200 ಕೊಟ್ವಿ. ಇದು 47 ಐಟಮ್ಮಲ್ಲಿ ಇರ್ಲಿಲ್ಲ, ಇರೋ ಅಗತ್ಯನೂ ಇರ್ಲಿಲ್ಲ.

ಕಂಬಿ ಬಂದ ದಿನ ಸರ್ ಹೇಳ್ಕೊಟ್ಟ ಲೆಕ್ಕ ಉಪಯೋಗಿಸ್ದೆ. ಕಂಬಿ ದಪ್ಪಕ್ಕೆ ದಪ್ಪ ಗುಣಿಸಿ 162ರಿಂದ ಭಾಗಿಸಿದ್ರೆ ಒಂದು ಮೀಟರ್ ತೂಕ ಬರತ್ತೆ ಕೇಜಿಯಲ್ಲಿ. 12 ಎಂಎಂ ಆದ್ರೆ 0.89, ಪೂರ್ತಿ ಕಂಬಿ 12 ಮೀಟರ್ ಇರತ್ತೆ, ಒಂದಕ್ಕೆ ಹತ್ತೂವರೆ ಕೇಜಿ ಮೇಲೆ. 50 ಕಂಬಿ ಎಣಿಸಿದ್ರೆ 533 ಕೇಜಿ ಆಗ್ಬೇಕು, ತೂಕದ ಚೀಟಿಯಲ್ಲಿ ಹತ್ತಿರ ಹತ್ತಿರ ಅಷ್ಟೇ ಇತ್ತು. ಲಾರಿ ಡ್ರೈವರ್ ನನ್ನನ್ನ ಇಂಜಿನಿಯರ್ ಅಂದ್ಕೊಂಡ, ನಾನು ಸಮಾಜ ವಿಜ್ಞಾನ ಪಾಠ ಮಾಡೋದು.

ಒಂದ್ಸಲ ನನ್ನ ಬುದ್ಧಿವಂತಿಕೆ ತಿರುಗುಬಾಣ ಆಯ್ತು. ಪ್ಲಾಸ್ಟರಿಂಗ್ ಅಳತೆ ಮಾಡೋವಾಗ ಗಾರೆಯವ್ರು ಬಾಗ್ಲು ಕಿಟಕಿ ಜಾಗ ಕಳೀದೇ ಪೂರ್ತಿ ಗೋಡೆ ಲೆಕ್ಕ ಹಾಕಿದ್ರು. ತೂತಿಗೂ ದುಡ್ಡು ಕೊಡ್ಬೇಕಾ ಅಂತ ನಾನು ಜಗಳಕ್ಕೆ ನಿಂತೆ, ಒಳಗೂ ಹೊರಗೂ ಎರಡೂ ಕಡೆ ಕಳೀರಿ ಅಂತ. ಸರ್‌ಗೆ ಫೋನ್ ಮಾಡಿದ್ರೆ, ಆ ದಿನ ಪುಣ್ಯಕ್ಕೆ ತೆಗೆದ್ರು, ಇಬ್ರೂ ತಪ್ಪು ಅಂದ್ರು. ಅಳತೆಗೆ ಐಎಸ್ 1200 ಅಂತ ಸ್ಟ್ಯಾಂಡರ್ಡ್ ಇದೆಯಂತೆ. ಅರ್ಧ ಸ್ಕ್ವೇರ್ ಮೀಟರ್ ಒಳಗಿನ ಸಣ್ಣ ತೂತು ಕಳೆಯೋ ಹಾಗೇ ಇಲ್ಲ, ಅರ್ಧದಿಂದ ಮೂರು ಸ್ಕ್ವೇರ್ ಮೀಟರ್ ತನಕ ಒಂದು ಕಡೆ ಮಾತ್ರ ಕಳೀಬೇಕು, ಯಾಕಂದ್ರೆ ಬಾಗ್ಲು ಅಂಚಿನ ಸುತ್ತ ಕೈ ಕೆಲಸ ಇರತ್ತಲ್ಲ, ಅದರ ಕೂಲಿ ಅದ್ರಲ್ಲೇ ಸರಿ ಹೋಗತ್ತೆ. ಮೂರಡಿ ಏಳಡಿ ಬಾಗ್ಲು 21 ಅಡಿ, ಒಂದು ಕಡೆ ಕಳೆದ್ವಿ, ಒಂದು ಕಡೆ ಬಿಟ್ವಿ. ಗಾರೆಯವ್ರು ಅವತ್ತಿಂದ ನಂಗೆ ಅಕ್ಕಾ ಅನ್ನೋಕೆ ಶುರು ಮಾಡಿದ್ರು, ಅಲ್ಲೀ ತನಕ ಮೇಡಂ.

ಈಗ ಬೈಗುಳ. ಹದಿನಾರು ದಿನದ ಕಥೆ ಹೇಳ್ದೆ. ಎಲೆಕ್ಟ್ರಿಕಲ್ ಭಾಗ ತುಂಬಾ ತೆಳು, ಇಷ್ಟು ಪಾಯಿಂಟು, ಪಾಯಿಂಟಿಗೆ ಇಷ್ಟು ಅಂತ ಎರಡೇ ಸಾಲು. ಏಸಿ ಲೈನು, ಇನ್ವರ್ಟರ್ ಲೈನು ಬೇಕಾ ಅಂತ ಕೇಳ್ಲೇ ಇಲ್ಲ. ಬಾಡಿಗೆಗೆ ಕೊಡೋ ಯೋಚನೆ ಇದೆ ಅಂತ ಮೊದಲ ದಿನವೇ ಹೇಳಿದ್ದೆ, ಆದ್ರೂ ಎರಡನೇ ಮೀಟರ್ ಮರೆತುಬಿಟ್ಟಿದ್ರು, ಅದು ಡೆಪಾಸಿಟ್ಟು, ವೈರು, ಬೋರ್ಡು ಎಲ್ಲಾ ಸೇರಿ 11 ಸಾವಿರ ಚಿಲ್ರೆ. ಕೇಳಿದ್ರೆ ಹೂಂ, ಬಿಟ್ಟುಹೋಗಿದೆ ಅಂದ್ರು, ಅಷ್ಟೇ, ಸಾರಿ ಗೀರಿ ಏನಿಲ್ಲ. ಮೋಲ್ಡ್ ದಿನದ ಬಾಡೂಟ, ತೆಂಗಿನಕಾಯಿ, ಸೆಂಟ್ರಿಂಗ್ ಹುಡುಗ್ರ ಭಕ್ಷೀಸು ಯಾವ ಎಸ್ಟಿಮೇಟಲ್ಲೂ ಬರಲ್ಲ, ಅದು ನೀವೇ ಸೇರಿಸ್ಕೊಳಿ. ತ್ರೀಡಿ ಬೇಕು ಅನ್ನೋರು ಅವ್ರ ಹತ್ರ ಹೋಗೋದೇ ಬೇಡ, ಪೆನ್ಸಿಲ್ ಬಿಟ್ಟು ಬೇರೇನೂ ಇಲ್ಲ.

ಮಾರ್ಚಲ್ಲಿ ಮುಗೀತು. ಒಟ್ಟು 15 ಲಕ್ಷ 21 ಸಾವಿರ, ಸೆಸ್ಸು ಲೈಸೆನ್ಸು ಬಿಟ್ಟು. ಅಂದ್ರೆ ಎಸ್ಟಿಮೇಟಿಗಿಂತ 35 ಸಾವಿರ ಜಾಸ್ತಿ, ಆ ಆಕಸ್ಮಿಕದ 70 ಸಾವಿರನೂ ಪೂರ್ತಿ ತಿಂದು. 35ರಲ್ಲಿ 14 ಸಾವಿರ ನನ್ನ ಹಟ, ಅಡಿಗೆ 55ರ ಟೈಲ್ಸ್ ಬಿಟ್ಟು 75ರದ್ದೇ ಬೇಕು ಅಂತ 700 ಅಡಿ ತಗೊಂಡೆ, ಇನ್ನು ಮೀಟರು, ಟಾರ್ಪಾಲು, ಚೂರು ಪಾರು.

ಸ್ಟಾರ್ ಕೊಡ್ಬೇಕಂದ್ರೆ ನಾಲ್ಕು. ಒಂದು ಕಟ್ ಮಾಡಿದ್ದು ಮೀಟರಿಗೆ, ಫೋನಿಗೆ. ಬರೀ ಪೇಂಟು, ಕಿಚನ್ ಕ್ಯಾಬಿನೆಟ್ಟು ಇಂಥದ್ದಕ್ಕೆ ಈ ಸರ್ವೀಸ್ ಬೇಕಾಗಿಲ್ಲ, ಅಂಗಡಿಯವ್ರ ಕೊಟೇಶನ್ ಸಾಕು. ಹಳೇ ಮನೆ ಗೋಡೆ ಒಡೆಯೋರು, ಮೇಲೆ ಕಟ್ಟೋರು ಮಾಡಿಸಿ. ಪಕ್ಕದ ಮನೆಯವ್ರು ನಮ್ಮ ಎಂಟು ಹಾಳೆನೂ ಮೊಬೈಲಲ್ಲಿ ಫೋಟೋ ತೆಕ್ಕೊಂಡು ಹೋಗಿದಾರೆ, ಅವ್ರದ್ದೂ 30-40 ಸೈಟೇ ತಾನೆ, ಇದೇ ಸಾಕು ಅಂತ. ಬೇಲಿ ಮೇಲಿಂದ ನೋಡಿದ್ರೆ ಅವ್ರ ತಾರಸಿ ಕಂಬಿಗಳ ಮೇಲೂ ಬಾಟ್ಲಿ ಕಾಣ್ಸತ್ತೆ. ವೈರ್ ಬ್ರಷ್ಷು ಬೇಕಾ ಅಂತ ಎರಡು ಸಲ ಕೇಳ್ದೆ, ಇನ್ನೂ ತಗೊಂಡು ಹೋಗಿಲ್ಲ.